ಹಾರೆಗುಳಿಯಲ್ಲಿ ಮಂಗ ಸಾಯದ ತಿಂಗಳು

ಆಲ್ಟೆನ್‌ಬಾಖ್, ಆಸ್ಟ್ರಿಯಾ
8-2-2026

ಕುಮುದಾ ಮೇಡಂ ಅವರಿಗೆ,

ತಲುಪಿದ್ದೇನೆ. ಇಲ್ಲಿಯವರೂ ಹಾಗೇ ಹೇಳುತ್ತಿದ್ದಾರೆ, ಆದ್ದರಿಂದ ನಂಬಬಹುದು. ವಿಮಾನದಲ್ಲಿ ಹಗಲು ಯಾವುದು ಇರುಳು ಯಾವುದು ಎಂಬ ಲೆಕ್ಕ ತಪ್ಪಿದ್ದು ಇನ್ನೂ ಸರಿಹೋಗಿಲ್ಲ. ಬೆಳಿಗ್ಗೆ ಏಳಕ್ಕೆ ಎದ್ದು ರಾತ್ರಿಯ ಊಟಕ್ಕೆ ಕೂತಂತೆ ಆಗುತ್ತದೆ.

ನಾವು ಎಂಟು ಜನ, ಏಳು ದೇಶದವರು. ಎಲ್ಲರೂ ಒಂದಲ್ಲ ಒಂದು ಕಡೆ ಕಾಡಿನಲ್ಲಿ ಉಣುಗು ಹಿಡಿಯುವವರು, ಉಣುಗು ಕಚ್ಚಿ ಬರುವ ಜ್ವರದ ಹಿಂದೆ ಓಡುವವರು. ಈ ವೃತ್ತಿಪರರ ವಿನಿಮಯ ಎಂದರೆ ಆರು ವಾರ ಇವರ ಕೆಲಸ ನಾವು ನೋಡುವುದು, ನಮ್ಮ ಕೆಲಸ ಇವರಿಗೆ ಹೇಳುವುದು, ಯಾರದೋ ಮನೆಯಲ್ಲಿ ಉಣ್ಣುವುದು. ಕೊರಳಿಗೆ ಒಂದು ಪಟ್ಟಿ ಹಾಕಿದ್ದಾರೆ. ಅದರಲ್ಲಿ 'ನಾಗರಿಕ ರಾಯಭಾರಿ' ಎಂಬರ್ಥದ ಮಾತಿದೆಯಂತೆ. ಇಪ್ಪತ್ತು ವರ್ಷದಿಂದ ಆರೋಗ್ಯ ನಿರೀಕ್ಷಕನಾಗಿರುವ ನನ್ನನ್ನು ಸಾಗರದ ಬಸ್ ನಿಲ್ದಾಣದಲ್ಲೂ ಯಾರೂ ನಿರೀಕ್ಷಿಸಿದವರಿಲ್ಲ. ಇಲ್ಲಿ ನೋಡಿದರೆ ಇಡೀ ಭಾರತವೇ ನಾನಂತೆ.

ಗೊಂದಲ ಒಂದೇ. ನಾನು ಬಂದದ್ದು ಉಣುಗು ನೋಡಲು. ಹೊರಗೆ ಮೊಣಕಾಲುದ್ದ ಹಿಮ. ಉಣುಗು ಎಲ್ಲಿ ಎಂದು ಡಾಕ್ಟರ್ ಮಾರ್ಲೀಸ್ ಅವರನ್ನು ಕೇಳಿದೆ. ಇಲ್ಲಿಯ ಆರೋಗ್ಯ ಕಚೇರಿಗೆ ಅವರೇ ಮುಖ್ಯಸ್ಥೆ. ಮಲಗಿವೆ, ಏಪ್ರಿಲ್‌ಗೆ ಏಳುತ್ತವೆ ಎಂದರು. ನಾನು ಹೊರಡುವುದು ಮಾರ್ಚ್ ಇಪ್ಪತ್ತಕ್ಕೆ.

ಉಣುಗು ನೋಡಲು ಬಂದೆ ನಾನು ಏಳು ಸಮುದ್ರ ದಾಟಿ,
ಉಣುಗು ಮಲಗಿದೆ ಹಿಮದ ಕೆಳಗೆ, ಯಾರೆಬ್ಬಿಸ್ತಾರೆ ಮೀಟಿ?

ವಾರಕ್ಕೊಂದು ಪತ್ರವನ್ನು ಊರಿನ ಸಹೋದ್ಯೋಗಿಗೆ, ಅವರವರ ಭಾಷೆಯಲ್ಲೇ ಬರೆಯಬೇಕು ಎಂಬುದು ಇವರ ನಿಯಮ. ಕೊನೆಗೆ ಎಲ್ಲವನ್ನೂ ಒಂದು ಕಡತದಲ್ಲಿ ಇಡುತ್ತಾರಂತೆ. ಕನ್ನಡ ಓದುವವರು ಇಲ್ಲಿ ಯಾರೂ ಇಲ್ಲ. ನೀವು ಧೈರ್ಯವಾಗಿ ಬೈಯಬಹುದು. ಬ್ಯಾಕೋಡಿಗೆ ಹೋದಾಗ, ಇಂಟರ್‌ನೆಟ್ ಸಿಗುವ ಕಡೆ, ಫೋಟೋ ತೆಗೆದು ಕಳಿಸಿದರೆ ಸಾಕು.

ಇನ್ನು ನಿಜವಾದ ಮಾತು. ಹಾರೆಗುಳಿಯ ಮೂವತ್ತೆಂಟು ಮನೆ ಈಗ ನಿಮ್ಮ ಕೈಯಲ್ಲಿ. ಮಂಗನ ಕಾಯಿಲೆಯ ಕಾಲ, ಕಾಡಿನ ಒಣ ಎಲೆಯ ದರಗು ಗುಡಿಸುವ ಕಾಲ ಎರಡೂ ಒಟ್ಟಿಗೇ ಬಂದಿವೆ. ಆಶಾ ಕಾರ್ಯಕರ್ತೆಯ ಜಾಗ ಬೇರೆ ಖಾಲಿ. ನಾಲ್ಕು ವರ್ಷದ ಹಿಂದೆ ಆ ಊರಿಂದ ಎರಡು ಹೆಣ ಹೊತ್ತೆವು. ಆಮೇಲೆ ಒಂದೂ ಇಲ್ಲ. ಮಂಗ ಸತ್ತ ಸುದ್ದಿ ಬಂದ ದಿನವೇ, ಅದರ ಮೈಯಿಂದ ಉದುರಿದ ಉಣುಗು ಸಾಯಲು ಪುಡಿ ಹೊಡೆಸಿ, ಆ ಕಡೆ ಯಾರೂ ದರಗಿಗೆ ಹೋಗದಂತೆ ತಡೆದರೆ ಜನ ಉಳಿಯುತ್ತಾರೆ. ಸುದ್ದಿ ತಡವಾದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ನಾನು ಬರುವವರೆಗೆ ಆ ಊರಿನಲ್ಲಿ ಯಾರಿಗೂ ಏನೂ ಆಗಬಾರದು. ಇದೊಂದೇ ನನ್ನ ಕೋರಿಕೆ.

ಇಂತಿ,
ಕಾಂತರಾಜ್
(ಭಾರತ)


ಹಾರೆಗುಳಿ ಉಪಕೇಂದ್ರ
15-2-2026

ಕಾಂತರಾಜ್ ಸರ್,

ಭಾರತಕ್ಕೆ ನಮಸ್ಕಾರ.

ಇಲ್ಲಿ ಎಲ್ಲ ಸರಿ ಇದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಮೂವತ್ತೆಂಟು ಮನೆಗೂ ಕೊಟ್ಟಾಯಿತು. ವಾರಕ್ಕೆ ಎರಡು ಸಲ ಸುತ್ತು ಹಾಕುತ್ತಿದ್ದೇನೆ. ಗೇಟಿನಲ್ಲಿ ನಿಂತು 'ಮಂಗ ಸತ್ತಿದ್ದು ಕಂಡಿರಾ?' ಎಂದು ಕೇಳುತ್ತೇನೆ. 'ಇಲ್ಲ ಮೇಡಂ' ಎನ್ನುತ್ತಾರೆ. ಹತ್ತು ದಿನದಲ್ಲಿ ಸತ್ತ ಮಂಗ: ಸೊನ್ನೆ. ಜ್ವರ: ಸೊನ್ನೆ. ತಾಲ್ಲೂಕಿನ ಸಾಹೇಬರು ಫೋನಿನಲ್ಲೇ ಬೆನ್ನು ತಟ್ಟಿದರು.

ಒಂದು ಮಾತು ಮಾತ್ರ ಅರ್ಥವಾಗುತ್ತಿಲ್ಲ. ಯಾವ ಮನೆಗೆ ಹೋದರೂ ನನ್ನ ಪ್ರಶ್ನೆಗಿಂತ ಮೊದಲು ಅವರದ್ದೇ ಒಂದು ಪ್ರಶ್ನೆ ಬರುತ್ತದೆ. ಹೊಳೆ ಕಡೆಯ ಮನೆಯ ಜಟ್ಟಿಂಗಪ್ಪ ಮೊನ್ನೆ ಕೇಳಿದರು:

"ಕಾಂತಣ್ಣ ಯಾವಾಗ ಬರ್ತಾರ್ರಿ?"

"ಮಾರ್ಚ್ ಇಪ್ಪತ್ತು."

"ಇಪ್ಪತ್ತು... ಅಡ್ಡಿಲ್ಲ ಬಿಡಿ. ಕಾಯ್ತೀವಿ."

"ಎಂತಕ್ಕೆ ಕಾಯೋದು?"

"ಸುಮ್ಮನೆ ಮೇಡಂ. ಹಂಗೇ."

ತೀರ್ಥಹಳ್ಳಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ, ಸರ್. ವರ್ಗವಾಗಿ ಬಂದ ಮೇಲೆ ನನ್ನ ದಾರಿ ಯಾರಾದರೂ ಕಾದರೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ನಿಮ್ಮ ಪ್ರಾಸ ಕೂಡ ಗೋಡೆಗೋಡೆಯ ಮೇಲೆ ಕೂತು ಕಾಯುತ್ತಿದೆ. ಅಂಗನವಾಡಿ ಮಕ್ಕಳಿಗೆ ಅಆಇಈಗಿಂತ ಅದು ಚೆನ್ನಾಗಿ ಬಾಯಿಗೆ ಬರುತ್ತದೆ:

ಮಂಗ ಸತ್ತ ಜಾಗ ಕಂಡ್ರೆ ದೂರ ನಿಲ್ಲಿ ಊರ ಜನ,
ಮೊದಲು ಒಂದು ಫೋನು ಮಾಡಿ ಕರೆಸಿಕೊಳ್ಳಿ ಕಾಂತಣ್ಣನ.

ಸರ್ಕಾರಿ ಗೋಡೆಬರಹದಲ್ಲಿ ನಿಮ್ಮ ಹೆಸರು ಹಾಕಲು ಮೇಲಿನವರು ಹೇಗೆ ಒಪ್ಪಿದರು?

ಇಂತಿ,
ಕುಮುದಾ


ಆಲ್ಟೆನ್‌ಬಾಖ್
22-2-2026

ಕುಮುದಾ ಮೇಡಂ ಅವರಿಗೆ,

ಒಪ್ಪಲಿಲ್ಲ, ಓದಲಿಲ್ಲ ಅಷ್ಟೇ. ಹನ್ನೆರಡು ವರ್ಷದ ಹಿಂದೆ 'ಊರ ಜನ' ಎಂದು ಬರೆದು ಕೂತಿದ್ದೆ. ಮುಂದಿನ ಸಾಲಿಗೆ ಪ್ರಾಸ ಸಿಗದೆ ಎರಡು ದಿನ ಊಟ ಸೇರಲಿಲ್ಲ. 'ಆರೋಗ್ಯ ಕೇಂದ್ರ' ಎಂದು ಹಾಕಿದರೆ ಎತ್ತಿಗೆ ಎಮ್ಮೆ ಕಟ್ಟಿದ ಹಾಗೆ ಕಾಣುತ್ತಿತ್ತು. 'ಕಾಂತಣ್ಣನ' ಬಂದು ಕೂತದ್ದೇ ಸಾಲು ನಿಂತಿತು. ಕೆಳಗೆ ನಂಬರನ್ನೂ ಬರೆಸಿದೆ. ಇದರಲ್ಲಿ ಅಹಂಕಾರ ಇಲ್ಲ, ಛಂದಸ್ಸು ಮಾತ್ರ.

ನಿಮ್ಮ ಸೊನ್ನೆ ಇಲ್ಲಿ ಬಹಳ ಹೆಸರು ಮಾಡಿದೆ. ಗುರುವಾರ ನನ್ನ ಪಾಳಿ. ಹನ್ನೆರಡು ವರ್ಷದಲ್ಲಿ ಸತ್ತ ಮಂಗಗಳ ಲೆಕ್ಕದ ಗೆರೆಯನ್ನು ಪರದೆಯ ಮೇಲೆ ಹಾಕಿ, ಈ ಫೆಬ್ರವರಿಯಲ್ಲಿ ಅದು ನೆಲ ಮುಟ್ಟಿದ್ದನ್ನು ತೋರಿಸಿದೆ. ಡಾಕ್ಟರ್ ಮಾರ್ಲೀಸ್ ಕನ್ನಡಕ ತೆಗೆದು ನೋಡಿದರು. ಇವರ ಬಳಿ ಲಸಿಕೆ ಇದೆ, ಬಸ್ಸಿನಲ್ಲಿ ಕೂರಿಸಿ ಊರೂರಿಗೆ ಕೊಂಡೊಯ್ದು ಚುಚ್ಚುತ್ತಾರೆ. ನಮ್ಮಲ್ಲಿ ಹಳೆಯದು ನಿಂತಿದೆ, ಹೊಸದು ಇನ್ನೂ ಪರೀಕ್ಷೆಯಲ್ಲಿದೆ. ಎಣ್ಣೆ, ಪುಡಿ, ಎರಡು ಸಾಲು ಪದ್ಯ, ಇಷ್ಟರಲ್ಲೇ ಸೊನ್ನೆಗೆ ತಂದಿರಾ ಎಂದು ಕೇಳಿದರು. ಹೌದೆಂದೆ. ಉಣುಗು ಏಳುವವರೆಗೆ ಇನ್ನೊಂದು ತಿಂಗಳು ಇಲ್ಲೇ ಇರುತ್ತೀರಾ, ಏಪ್ರಿಲ್‌ನ ದೊಡ್ಡ ಸಭೆಯಲ್ಲೂ ಇದನ್ನೇ ಹೇಳಬಹುದು ಎಂದರು. ನೋಡೋಣ ಎಂದೆ. ಇಲ್ಲಿ 'ನೋಡೋಣ' ಎಂದರೆ ಒಪ್ಪಿಗೆಯಂತೆ. ಸಂಜೆಯ ಹೊತ್ತಿಗೆ ನನ್ನ ಹೆಸರು ಪಟ್ಟಿಯಲ್ಲಿತ್ತು.

ಊಟದ್ದು ಬೇರೆಯೇ ಕಥೆ. ನಾನು ಉಳಿದಿರುವುದು ಹೆಡ್‌ವಿಗ್ ಎಂಬ ವಿಧವೆಯ ಮನೆಯಲ್ಲಿ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಅವರದ್ದೂ ಹರಕು ಇಂಗ್ಲಿಷು, ನನ್ನದೂ ಹರಕು ಇಂಗ್ಲಿಷು, ಹಾಗಾಗಿ ಹೊಂದಿಕೊಂಡು ಹೋಗುತ್ತಿದೆ. ಮೊದಲ ದಿನ ಆಲೂಗಡ್ಡೆಯ ಒಂದು ದೊಡ್ಡ ಉಂಡೆ ಮಾಡಿ, ಇನ್ನೊಂದು ಬೇಕೇ ಎಂದರು. ಮರ್ಯಾದೆಗೆ ಬೇಡ ಎಂದೆ. ಪಾತ್ರೆ ಎತ್ತಿ ಒಳಗೆ ಇಟ್ಟೇಬಿಟ್ಟರು! ನಮ್ಮಲ್ಲಾದರೆ ಎರಡನೇ ಸಲ ಕೇಳುತ್ತಾರೆ, ಮೂರನೇ ಸಲ ಕೇಳದೇ ಬಡಿಸುತ್ತಾರೆ. ಎರಡು ದಿನ ಅರೆಹೊಟ್ಟೆಯಲ್ಲಿ ದೇಶವನ್ನು ಪ್ರತಿನಿಧಿಸಿದೆ.

ಜಟ್ಟಿಂಗಪ್ಪನಿಗೆ ನನ್ನ ನೆನಪು ತಿಳಿಸಿ. ಊರಿನವರ ಪ್ರೀತಿ ಕೇಳಿ ಕಣ್ಣು ತುಂಬಿತು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಿಮ್ಮನ್ನೂ ಹಾಗೇ ಕಾಯುವ ಕಾಲ ಬರುತ್ತದೆ.

ಇಂತಿ,
ಕಾಂತರಾಜ್


ಹಾರೆಗುಳಿ
1-3-2026

ಕಾಂತರಾಜ್ ಸರ್,

ಸೊನ್ನೆಯೇ. ಆದರೆ ಈ ಸಲ ಬರೆಯುವಾಗ ಕೈ ತಡೆಯಿತು.

ಹೊಸನಗರದ ಕಡೆ ಹತ್ತು ದಿನದಲ್ಲಿ ಏಳು ಮಂಗ ಸತ್ತಿವೆ. ನಮ್ಮ ಪಕ್ಕದ ಪಂಚಾಯಿತಿಯಲ್ಲಿ ನಾಲ್ಕು. ನಕ್ಷೆ ಇಟ್ಟುಕೊಂಡು ನೋಡಿದರೆ ಸುತ್ತ ಎಲ್ಲ ಕಡೆ ಸಾವು, ನಡುವೆ ಹಾರೆಗುಳಿ ಮಾತ್ರ ಬೆಳ್ಳಗೆ. ಮಂಗಗಳು ಗಡಿಕಲ್ಲು ನೋಡಿ ಸಾಯುತ್ತವೆಯೇ? ಸಾಹೇಬರಿಗೆ ಈ ಅನುಮಾನ ಇಲ್ಲ. 'ಯಶೋಗಾಥೆ' ಎಂದು ಎರಡು ಪುಟ ಬರೆದು ಕೊಡಿ, ಹೊರಗಿನಿಂದ ತಂಡ ನೋಡಲು ಬರುತ್ತದೆ ಎಂದಿದ್ದಾರೆ. ಏನು ಬರೆಯಲಿ? ನಾನು ಏನು ಮಾಡಿದೆ ಎಂದು ನನಗೇ ತಿಳಿಯದು.

ಜನ ಕೆಟ್ಟವರಲ್ಲ. ರಂಗಮ್ಮ ನಿನ್ನೆ ಮಜ್ಜಿಗೆ ಕೊಟ್ಟರು. ಕೆರಿಯಪ್ಪನ ಹೆಂಡತಿ, ಮೊದಲು ಮಂಗನ ಸುದ್ದಿ ನಿಮಗೆ ಕೊಡುತ್ತಿದ್ದವರು ಅವರೇ ಅಂತಲ್ಲ? ಗೇಟಿನಲ್ಲೇ ನಿಂತು ಕುಡಿದೆ, ಇನ್ನೂ ಹನ್ನೆರಡು ಮನೆ ಬಾಕಿ ಇತ್ತು. ಮಂಗ ಗಿಂಗ ಸತ್ತಿದೆಯಾ ಎಂದೆ. ಇಲ್ಲ ಎಂದರು. ಲೋಟ ಈಸಿಕೊಂಡು, "ಇನ್ನು ಇಪ್ಪತ್ತು ದಿನ ಐತಲ್ಲ ಕಾಂತಣ್ಣ ಬರಾಕೆ?" ಎಂದು ಬೆರಳು ಮಡಚಿ ಎಣಿಸಿದರು. ಅದೇನೋ ಹೇಳಲು ಬಾಯಿ ತೆರೆದ ಹಾಗಿತ್ತು. ನನ್ನ ಚಪ್ಪಲಿ ಆಗಲೇ ರಸ್ತೆಯ ಕಡೆ ತಿರುಗಿತ್ತು.

ನಿಮಗೆ ಸುದ್ದಿ ಹೇಗೆ ಬರುತ್ತಿತ್ತು, ಸರ್? ನಾನು ಏನಾದರೂ ಬಿಟ್ಟಿದ್ದೇನೆಯೇ? ಹೆಚ್ಚುವರಿ ಒಂದು ತಿಂಗಳು ಇರುವ ವಿಷಯ ಊರಿನಲ್ಲಿ ಹೇಳಿಲ್ಲ. ಹೇಳಬೇಕೇ?

ಕುಮುದಾ


ಆಲ್ಟೆನ್‌ಬಾಖ್
5-3-2026

ಕುಮುದಾ ಅವರೇ,

ಇದನ್ನು ಓದಿದ ಕೂಡಲೇ ಎದ್ದು ಹೋಗಿ, ಪೂರ್ತಿ ಓದುವುದು ಆಮೇಲೆ. ಇಲ್ಲಿಂದ ನಿಮ್ಮ ಫೋನಿಗೆ ಕರೆ ಹೋಗುತ್ತಿಲ್ಲ. ನನ್ನ ಮೇಜಿನ ಬಲಗಡೆಯ ಖಾನೆಯಲ್ಲಿ ಒಂದು ಕೀಪ್ಯಾಡ್ ಫೋನಿದೆ. ಖಾನೆಗೆ ಬೀಗ ಇದೆ. ಕೀಲಿ ನನ್ನ ಸೂಟ್‌ಕೇಸಿನಲ್ಲಿದೆ. ಒಡೆಯಿರಿ.

ಗೋಡೆಯ ಮೇಲಿರುವುದು ಅದರ ನಂಬರು.

ಇವತ್ತು ಬೆಳಿಗ್ಗೆ ಡಾಕ್ಟರ್ ಮಾರ್ಲೀಸ್ ಏಪ್ರಿಲ್‌ನ ಸಭೆಗಾಗಿ ನನ್ನ ಚಿತ್ರಗಳನ್ನು ಮತ್ತೆ ನೋಡುತ್ತಿದ್ದರು. ಗೋಡೆಬರಹದ ಫೋಟೋ ಬಂತು. ಅರ್ಥ ಹೇಳಿ ಎಂದರು. ನಾನು ಹುಮ್ಮಸ್ಸಿನಲ್ಲಿ ರಾಗವಾಗಿ ಓದಿ, ಒಂದೊಂದೇ ಪದ ಬಿಡಿಸಿ ಹೇಳಿದೆ. ಫೋನು ಮಾಡಿ, ಕಾಂತಣ್ಣನನ್ನು ಕರೆಸಿ. ಅವರು ಪೆನ್ನಿನ ತುದಿಯನ್ನು ನನ್ನ ಕಡೆ ತೋರಿಸಿ, "ಅದು ನೀವು?" ಎಂದರು. ನಾನೇ ಎಂದೆ. "ನೀವು ಇಲ್ಲಿದ್ದೀರಿ. ಹಾಗಾದರೆ ಈಗ ಆ ಫೋನು ಎತ್ತುತ್ತಿರುವುದು ಯಾರು?"

ಅವರು ಚುಚ್ಚಬೇಕೆಂದು ಕೇಳಿದ್ದಲ್ಲ. ಉತ್ತರ ಬರೆದುಕೊಳ್ಳಲು ಪೆನ್ನು ಹಿಡಿದೇ ಕೂತಿದ್ದರು.

ಬರುವಾಗ ಇಲ್ಲಿಯ ಸಿಮ್ ಕೊಡುತ್ತಾರೆ ಎಂದು ಅದನ್ನು ಆಫ್ ಮಾಡಿ ಒಳಗಿಟ್ಟೆ. ಯಾರಾದರೂ ಕಳವು ಮಾಡಿಯಾರು ಎಂದು ಬೀಗ ಬೇರೆ ಹಾಕಿದೆ. ನಿಮಗೆ ಹೇಳುವುದು ಹೊಳೆಯಲೇ ಇಲ್ಲ. ರಿಜಿಸ್ಟರು ಕೊಟ್ಟೆ, ಎಣ್ಣೆಯ ಡಬ್ಬ ಕೊಟ್ಟೆ, ಕಪಾಟಿನ ಕೀಲಿ ಕೊಟ್ಟೆ. ಆ ಫೋನು ಕಚೇರಿಯದ್ದು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನನ್ನದು ಎಂದೇ ಅನ್ನಿಸಿತ್ತು.

ಇನ್ನೊಂದು. ಗೇಟಿನಲ್ಲಿ ನಿಂತು ಕೇಳಬೇಡಿ. ಜಗಲಿಗೆ ಹೋಗಿ ಕೂತು, ಕೊಟ್ಟಿದ್ದು ಕುಡಿದು, ಎರಡನೇ ಸಲ ಕೇಳಿ. ಮೊದಲನೇ 'ಇಲ್ಲ' ನಮ್ಮವರ ಮರ್ಯಾದೆ. ಅದನ್ನು ನಂಬಿ ಪಾತ್ರೆ ಒಳಗಿಡಬಾರದು. ಇದನ್ನು ಯಾರಿಗೂ ಹೇಳಿಕೊಡಬೇಕಾದೀತು ಎಂದು ನನಗೆ ತಿಳಿದಿರಲಿಲ್ಲ.

ಉತ್ತರ ಬರೆಯಿರಿ. ಎರಡೇ ಸಾಲಾದರೂ ಸರಿ.

ಕಾಂತರಾಜ್


ಬ್ಯಾಕೋಡು
6-3-2026, ಸಂಜೆ

ಸರ್,

ಸುತ್ತಿಗೆಯಿಂದ ಖಾನೆ ಒಡೆದೆ. ಚಾರ್ಜಿಗೆ ಹಾಕಿ ಆನ್ ಮಾಡಿದೆ. ಫೋನು ಆಫ್ ಇದ್ದಾಗ ಯಾರು ಯಾರು ಕರೆ ಮಾಡಿದ್ದರು ಎಂಬ ಸಂದೇಶಗಳು ಒಂದರ ಹಿಂದೆ ಒಂದು ಬಿದ್ದವು. ಹದಿನಾಲ್ಕು. ಮೊದಲನೆಯದು ಫೆಬ್ರವರಿ ಹನ್ನೊಂದರದ್ದು. ನನ್ನ ಮೊದಲ ಸೊನ್ನೆಗಿಂತ ನಾಲ್ಕು ದಿನ ಮುಂಚೆ.

ನೇರ ಜಟ್ಟಿಂಗಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ಕೂತೆ. ಎಂಟು ತಿಂಗಳಲ್ಲಿ ಆ ಜಗಲಿ ಹತ್ತಿದ್ದು ಇದೇ ಮೊದಲು. ಅವರ ಸೊಸೆ ಸ್ವಪ್ನಾ ಟೀ ತಂದಳು. ಮಂಗ ಸತ್ತಿದೆಯಾ ಎಂದೆ. ಇಲ್ಲ ಎಂದರು. ಟೀ ಕುಡಿದೆ. ಲೋಟ ಕೆಳಗಿಟ್ಟು, "ಕಾಂತಣ್ಣಂಗೆ ಈಗ ಕಾಗದ ಬರೀಬೇಕು. ಎಂತ ಬರೀಲಿ ಹೇಳಿ" ಎಂದೆ.

"ಹಂಗೆ ಕೇಳಿದ್ರೆ ಹೇಳ್ತೀನಿ. ಮೂರು."

"ಎಲ್ಲಿ?"

"ಎರಡು ಹೊಳೆ ದಂಡೆ ಮೇಲೆ. ಒಂದು ದರಗಿನ ಗುಡ್ಡದಾಗೆ. ಅರಿಸಿನ ಕುಂಕುಮ ಇಟ್ಟು, ಬಿಳಿ ಬಟ್ಟೆ ಹೊದೆಸಿ ಮಣ್ಣು ಮಾಡಿದೀವಿ. ಹಂಗೇ ಬಿಡಾಕೆ ಆಗ್ತದಾ? ದೇವ್ರ ಅಂಶ ಅದು."

"ಕೈಯಲ್ಲಿ ಮುಟ್ಟಿದ್ರಾ?"

"ಮತ್ತೆ ಕಾಲಲ್ಲಿ ಮುಟ್ಟೋದಾ ಮೇಡಂ?"

"ನಂಗೆ ಯಾಕೆ ಹೇಳಿಲ್ಲ?"

"ಗೋಡೆ ಮೇಲೆ ಕಾಂತಣ್ಣನ ಕರೀರಿ ಅಂತ ಐತೆ. ಫೋನ್ ಮಾಡಿದ್ವಿ, ತೆಗೀಲಿಲ್ಲ. ದೊಡ್ಡ ಪರೀಕ್ಷೆಗೆ ಹೋಗಿದಾರೆ ಪಾಪ, ಅವ್ರಿಲ್ದಾಗ ಇಲ್ಲಿ ಮಂಗ ಸತ್ವು ಅಂತ ಮೇಲೆ ಸುದ್ದಿ ಹೋದ್ರೆ ಅವ್ರ ಹೆಸ್ರಿಗೆ ಕೆಟ್ಟದಲ್ವಾ? ಬಂದ ದಿನ ಹೇಳಾನ ಅಂತ ಊರೆಲ್ಲ ಮಾತಾಡ್ಕಂಡಿದೀವಿ. ನೀವು ಹೆಣ್ಮಗಳು, ಹೊಸಬ್ರು. ಸತ್ತ ಮಂಗನ ತಾವ ನಿಮ್ಮನ್ನ ಕರ್ಸೋದು ಚಂದ ಕಾಣ್ಲಿಲ್ಲ."

ಸರ್, ಅವರು ಮುಚ್ಚಿಟ್ಟದ್ದಲ್ಲ. ನಿಮ್ಮನ್ನು ಕಾಪಾಡಿದ್ದು, ನನ್ನನ್ನು ಗೌರವಿಸಿದ್ದು. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಮೂರೂ ಜಾಗಕ್ಕೆ ಪುಡಿ ಹೊಡೆಸಿದೆ. ಗುಡ್ಡಕ್ಕೆ ಹಗ್ಗ ಕಟ್ಟಿಸಿದೆ. ರಿಜಿಸ್ಟರಿನ ಸೊನ್ನೆಗಳನ್ನು ಹೊಡೆದು ಹಾಕಿ ನಿಜವಾದ ತಾರೀಖು ಬರೆದು, ಸಾಹೇಬರಿಗೂ ತಿಳಿಸಿದೆ. ಅವರು ಏನೆಂದರು ಎಂಬುದು ಈ ಪತ್ರಕ್ಕೆ ಬೇಡ.

ಒಬ್ಬ ಹೆಂಗಸಿಗೆ ಐದು ದಿನದಿಂದ ಜ್ವರ. ದರಗಿಗೆ ಹೋದವರು. ರಕ್ತ ಪರೀಕ್ಷೆಗೆ ಕಳಿಸಿದ್ದೇನೆ, ನಾಳೆ ದೊಡ್ಡಾಸ್ಪತ್ರೆಗೆ ಸೇರಿಸುತ್ತೇನೆ.

ಕುಮುದಾ


ಆಲ್ಟೆನ್‌ಬಾಖ್
7-3-2026

ಕುಮುದಾ ಅವರೇ,

ಯಾರು?

ಹೆಸರು ಬರೆಯದೆ ಬಿಟ್ಟಿದ್ದೀರಿ. ಮರೆತಿರೋ, ಬೇಕೆಂದೇ ಬಿಟ್ಟಿರೋ? ಸ್ವಪ್ನಾ ಇರಬೇಕು. ದರಗಿನ ಗುಡ್ಡ ಅವರ ಮನೆಯ ಹಿಂದೆಯೇ. ಅವಳ ಮಗುವಿಗೆ ಇನ್ನೂ ಮೂರು ವರ್ಷ. ನಿನ್ನೆ ಟೀ ತಂದಳು ಎಂದಿದ್ದೀರಿ, ಹಾಗಾದರೆ ಅವಳಲ್ಲ. ಪುಷ್ಪಮ್ಮನೇ? ಮೂವತ್ತೆಂಟು ಮನೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೆನೆದು, ಅವಳಾಗದಿರಲಿ ಎಂದುಕೊಳ್ಳುತ್ತಾ ಹೋದೆ. ಕೊನೆಗೆ, ಹಾಗಾದರೆ ಯಾರಾಗಲಿ ಎಂದು ಬೇಡುತ್ತಿದ್ದೇನೆ ಎಂದು ನನಗೇ ಹೆದರಿಕೆಯಾಯಿತು.

ಟಿಕೇಟು ಬದಲಿಸಿ ಕೊಡಿ ಎಂದು ಕೇಳಿದೆ. ಕೇಳುತ್ತೇವೆ, ಆದರೆ ಹದಿಮೂರಕ್ಕೆ ನಿಮ್ಮ ಸಮಾರೋಪ ಭಾಷಣ ಇದೆಯಲ್ಲ ಎಂದರು. ಹೆಡ್‌ವಿಗ್ ಏನಾಯಿತು ಎಂದು ಕೇಳಿದರು. 'ಮೈ ಫೋನ್, ಸ್ವಿಚ್ ಆಫ್' ಎಂದೆ. ಅವರು ಒಳಗೆ ಹೋಗಿ ಚಾರ್ಜರ್ ತಂದುಕೊಟ್ಟರು.

ಹೆಸರು ಬರೆಯಿರಿ.

ಕಾಂತರಾಜ್


ಆಲ್ಟೆನ್‌ಬಾಖ್
11-3-2026

ಕುಮುದಾ ಅವರೇ,

ನಾಲ್ಕು ದಿನವಾಯಿತು. ಸಿಟ್ಟಾಗಿದ್ದೀರಿ. ನ್ಯಾಯವೇ. ಸಿಟ್ಟಿನಲ್ಲೇ ಒಂದು ಸಾಲು ಬರೆಯಿರಿ.

ಕಾಂತರಾಜ್


ದೊಡ್ಡಾಸ್ಪತ್ರೆ, ವಾರ್ಡಿನ ಹೊರಗೆ
14-3-2026

ಕಾಂತಣ್ಣ,

ಸಿಟ್ಟಲ್ಲ. ಹೇಳಲು ಧೈರ್ಯ ಬರಲಿಲ್ಲ. ರಂಗಮ್ಮ.

ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂತು. ಎಂಟನೇ ತಾರೀಖು ವಸಡಿನಿಂದ ರಕ್ತ ಸುರಿಯಲು ಶುರುವಾಯಿತು. ಪ್ಲೇಟ್‌ಲೆಟ್ ಇಪ್ಪತ್ತೊಂದು ಸಾವಿರಕ್ಕೆ ಇಳಿಯಿತು. ಹೆಸರು ಬರೆದರೆ ನೀವು ಸಿಕ್ಕಿದ ವಿಮಾನ ಹತ್ತುತ್ತೀರಿ, ದಾರಿಯಲ್ಲೇ ಏನಾದರೂ ಸುದ್ದಿ ಬಂದರೆ ಆಕಾಶದಲ್ಲಿ ಒಬ್ಬರೇ ಕೂತು ಏನು ಮಾಡುತ್ತೀರಿ ಎಂದು ಸುಮ್ಮನಿದ್ದೆ. ತಪ್ಪಿರಬಹುದು. ಈಗ ಯೋಚಿಸಿದರೆ ನಾನೂ ಹಾರೆಗುಳಿಯವರ ಹಾಗೆಯೇ ಮಾಡಿದೆ.

ಹನ್ನೊಂದರ ರಾತ್ರಿ ಡಾಕ್ಟರು ಕೆರಿಯಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಹನ್ನೆರಡರಿಂದ ಏರಿಕೆ. ಇವತ್ತು ಅರವತ್ತು ಸಾವಿರ. ಗಂಜಿ ಕುಡಿದರು. ಮಾತಾಡುತ್ತಿದ್ದಾರೆ. ಮೊದಲ ಮಾತೇ, "ಕಾಂತಣ್ಣಂಗೆ ಹೇಳ್ಬ್ಯಾಡಿ, ಪರೀಕ್ಷೆ ಮುಗೀಲಿ."

"ಅವರು ಪರೀಕ್ಷೆಗೆ ಹೋಗಿಲ್ಲ ರಂಗಮ್ಮ. ಕಲಿಯಾಕೆ, ಕಲಿಸಾಕೆ ಹೋಗಿದಾರೆ."

"ಎಂತದೋ ಒಂದು. ದೂರ ಹೋದ ಮನ್ಷನ ತಲೆಗೆ ಇಲ್ಲಿದ್ದೆಲ್ಲ ಯಾಕೆ ತುಂಬೋದು?"

ಮೊದಲ ಮಂಗ ಕಂಡದ್ದು ಅವರಿಗೇ. ಹನ್ನೊಂದನೇ ತಾರೀಖಿನ ಕರೆ ಅವರದ್ದೇ. ಯಾವುದೋ ಹೆಣ್ಣು ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಕಾಂತಣ್ಣನ ಆಫೀಸಿನವಳಿರಬೇಕು ಎಂದುಕೊಂಡು ಅವಳಿಗೇ ಕನ್ನಡದಲ್ಲಿ ಸುದ್ದಿ ಹೇಳಿ ಫೋನು ಇಟ್ಟರಂತೆ. ಮಂಗ ಬಿದ್ದ ಗುಡ್ಡಕ್ಕೆ ಮತ್ತೆ ದರಗಿಗೆ ಯಾಕೆ ಹೋದಿರಿ, ನಿಮಗೆ ಗೊತ್ತಿಲ್ಲವೇ ಎಂದೆ.

"ಹೋಗ್ಬ್ಯಾಡಿ ಅಂತ ಕಾಂತಣ್ಣ ಬಂದು ಹೇಳ್ತಿದ್ರು ಪ್ರತಿ ಸಲ. ಈ ಸಲ ಯಾರೂ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ಮೇಲೆ ಅಡ್ಡಿಲ್ಲ ಅಂದ್ಕಂಡೆ."

ನಾನು ಮೂರು ವಾರ ಅವರ ಗೇಟಿಗೆ ಹೋಗಿದ್ದೆ. ಆರು ಸಲ. ನಿಂತೇ ಇದ್ದೆ.

ಇದರಲ್ಲಿ ನಿಮ್ಮ ಪಾಲೆಷ್ಟು ನನ್ನ ಪಾಲೆಷ್ಟು ಎಂದು ಹಂಚಿಕೊಳ್ಳುವುದು ನೀವು ಬಂದ ಮೇಲೆ. ಭಾಷಣ ಏನಾಯಿತು?

ಕುಮುದಾ


ಆಲ್ಟೆನ್‌ಬಾಖ್
15-3-2026

ಕುಮುದಾ,

ನಿಮ್ಮ ಪತ್ರ ಓದಿ ಹೊರಗೆ ಹೋಗಿ ಹಿಮದಲ್ಲಿ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯಲಿಲ್ಲ. ಹೆಡ್‌ವಿಗ್ ಬಂದು ಟೋಪಿ ಹಾಕಿ ಹೋದರು.

ರಂಗಮ್ಮ ಎಂದು ನನಗೆ ಹೊಳೆದಿತ್ತು. ಏಳನೇ ತಾರೀಖೇ ಹೊಳೆದಿತ್ತು. ಅದಕ್ಕೇ ಬೇರೆಯವರ ಹೆಸರೆಲ್ಲ ಬರೆದೆ.

ಹದಿಮೂರರ ಭಾಷಣ. ಬರೆದು ತಂದಿದ್ದನ್ನು ಮಡಚಿ ಜೇಬಿಗೆ ಹಾಕಿ, ಗೆರೆ ನೆಲ ಮುಟ್ಟಿದ ಚಿತ್ರವನ್ನೇ ಮತ್ತೆ ಹಾಕಿಸಿದೆ. ಇದು ಸುಳ್ಳು ಎಂದೆ. ಮಂಗ ಸತ್ತಿವೆ, ಜನ ಫೋನು ಮಾಡಿದ್ದಾರೆ, ನಾನು ನಿಮ್ಮ ಮನೆಗಳಲ್ಲಿ ಊಟ ಮಾಡುತ್ತಿದ್ದೆ. ಹನ್ನೆರಡು ವರ್ಷದಲ್ಲಿ ಅವರಿಗೆ ನಾನು ಕಲಿಸಿದ್ದು ಆರೋಗ್ಯ ಇಲಾಖೆಯನ್ನು ನಂಬುವುದನ್ನಲ್ಲ, ನನ್ನನ್ನು ನಂಬುವುದನ್ನು. ಅದಕ್ಕಾಗಿ ಒಬ್ಬ ಹೆಂಗಸು ಆಸ್ಪತ್ರೆಯಲ್ಲಿದ್ದಾರೆ, ಯಾರೆಂದು ನನಗೆ ಇನ್ನೂ ಯಾರೂ ಹೇಳಿಲ್ಲ. ಇಷ್ಟನ್ನು ನನ್ನ ಇಂಗ್ಲಿಷಿನಲ್ಲಿ ಹೇಳಲು ಇಪ್ಪತ್ತು ನಿಮಿಷ ಹಿಡಿಯಿತು. ಬೈಯುತ್ತಾರೆ ಎಂದು ಕಾದೆ.

ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಡಾಕ್ಟರ್ ಮಾರ್ಲೀಸ್ ಬಂದು ಕೈ ಹಿಡಿದು, ಒಬ್ಬ ಆರೋಗ್ಯ ಕಾರ್ಯಕರ್ತನ ಮೇಲೆ ಇಡೀ ಊರಿಗೆ ಇಷ್ಟೊಂದು ನಂಬಿಕೆ ಇರುವುದನ್ನು ಎಲ್ಲೂ ಕಂಡಿಲ್ಲ, ಏಪ್ರಿಲ್‌ನಲ್ಲಿ ಇದನ್ನೇ ಹೇಳಿ ಎಂದರು. ಕಡತದಲ್ಲಿ 'ಸಮುದಾಯದ ವಿಶ್ವಾಸ: ಅತ್ಯುತ್ತಮ' ಎಂದು ಬರೆದುಕೊಂಡಿದ್ದಾರೆ. ಅದೇ ಕಾಯಿಲೆ ಎಂದು ನಾನು ಹೇಳಿದ್ದೆ. ಅವರಿಗೆ ಅದು ಮದ್ದಾಗಿ ಕೇಳಿಸಿತು. ನಾನು ತಪ್ಪಾಗಿ ಹೇಳಿದೆನೋ, ಅವರು ಒಳ್ಳೆಯವರಾದ್ದರಿಂದ ಹಾಗೆ ಕೇಳಿಸಿಕೊಂಡರೋ, ಇನ್ನೂ ಬಗೆಹರಿದಿಲ್ಲ.

ಏಪ್ರಿಲ್‌ಗೆ ನಿಲ್ಲುವುದಿಲ್ಲ ಎಂದೆ. ಅವರು ಒಂದೇ ಸಲ ಕೇಳಿದರು, ಒಳ್ಳೆಯದಾಯಿತು. ಇಪ್ಪತ್ತಕ್ಕೆ ಹೊರಡುತ್ತೇನೆ.

ಗೋಡೆಗಳಿಗೆ ಸುಣ್ಣ ಹೊಡೆಸಿ. ನಿಮ್ಮ ಹೆಸರು ಹಾಕಬೇಡಿ, ಮುಂದೆ ನಿಮಗೂ ವರ್ಗವಾಗುತ್ತದೆ. ಕೇಂದ್ರದ್ದು ಎಂದು ಒಂದು ಫೋನು ಇಡಿ, ಯಾರು ಕೆಲಸದಲ್ಲಿದ್ದರೆ ಅವರು ಎತ್ತಲಿ. ಏನು ಬರೆಯಬೇಕೆಂದು ನನ್ನನ್ನು ಕೇಳಬೇಡಿ. ಎರಡು ದಿನದಿಂದ ಒಂದು ಸಾಲೂ ಕೂಡಿಬಂದಿಲ್ಲ.

ಕಾಂತರಾಜ್


ಹಾರೆಗುಳಿ
19-3-2026

ಕಾಂತಣ್ಣ,

ನೀವು ಹೊರಡುವ ಮೊದಲು ಸಿಗಲಿ ಎಂದು ಗೀಚುತ್ತಿದ್ದೇನೆ. ಜೀಪು ಬರುವುದಕ್ಕೆ ಹತ್ತು ನಿಮಿಷ ಇದೆ.

ಗೋಡೆಗಳಿಗೆ ಸುಣ್ಣ ಬಳಿಸಿದೆ. 'ಮಂಗ ಸತ್ತಿದ್ದು ಕಂಡರೆ ಈ ನಂಬರಿಗೆ ಕರೆ ಮಾಡಿ. ಯಾರು ಎತ್ತಿದರೂ ಹೇಳಿ.' ಇಷ್ಟೇ. ಜಟ್ಟಿಂಗಪ್ಪ ಮುಂದೆ ನಿಂತು ಎರಡು ಸಲ ಓದಿ, "ಹಾಡಾಕೆ ಬರಲ್ಲ ಮೇಡಂ ಇದು" ಎಂದರು. ಹಾಡಬೇಡಿ, ಫೋನು ಮಾಡಿ ಎಂದೆ. ಮೂರು ದಿನ ಒಂದೂ ಕರೆ ಬರಲಿಲ್ಲ. ಇಪ್ಪತ್ತು ಬರಲಿ ಎಂದೇ ಕೂತಿದ್ದಾರೆ ಎಂದುಕೊಂಡೆ. ಮೂವತ್ತೆಂಟು ಜಗಲಿಗಳ ಮೇಲೆ ಕೂತು ಬಂದೆ. ಹೊಟ್ಟೆಯಲ್ಲಿ ಟೀ ಅಲುಗಾಡುತ್ತಿದೆ.

ರಂಗಮ್ಮ ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು. ಎದ್ದು ಓಡಾಡಬೇಡಿ ಎಂದು ಹೇಳಿ ಬಂದಿದ್ದೆ. ಇವತ್ತು ಬೆಳಿಗ್ಗೆ ಎಂಟೂಕಾಲಿಗೆ ಹೊಸ ಫೋನು ಬಡಿಯಿತು.

"ಯಾರು?"

"ಕುಮುದಾ, ರಂಗಮ್ಮ. ಹೇಳಿ."

"ಓ ನೀವಾ. ಅಡ್ಡಿಲ್ಲ. ನಮ್ಮ ಹಿತ್ಲ ಹಲಸಿನ ಮರದ ಬುಡದಾಗೆ ಒಂದು ಬಿದ್ದೈತೆ. ನಿನ್ನೆ ಇರ್ಲಿಲ್ಲ."

"ಮುಟ್ಟಿದ್ರಾ?"

"ನಾನು ಹಿಂಬಾಗಿಲಲ್ಲಿ ಕುಂತೀನಿ, ಕುರ್ಚಿ ಹಾಕ್ಕಂಡು. ಕೋಲು ಐತೆ ಕೈಯಾಗೆ. ಯಾರನ್ನೂ ಬಿಡ್ತಿಲ್ಲ."

ನನಗೆ ತಡೆಯಲಾಗಲಿಲ್ಲ. "ನಾಡಿದ್ದು ಕಾಂತಣ್ಣ ಬರ್ತಾರಲ್ಲ, ಅವ್ರಿಗೇ ಹೇಳಾನ ಅನ್ನಿಸ್ಲಿಲ್ವಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಅವ್ರಿಗೂ ಹೇಳ್ತೀನಿ, ಬರ್ಲಿ. ಆಸ್ಪತ್ರೇಲಿ ದಿನಗಟ್ಲೆ ತಲೆತಾವ ಕುಂತಿದ್ದು ಯಾರು? ಈಗ ಮಾತು ಸಾಕು, ಬರ್ರಿ ಬೇಗ."

ಒಂದು ಮಂಗ ಸತ್ತಿದೆ ಎಂದು ಕೇಳಿ ಮನಸ್ಸು ಹಗುರಾಯಿತು, ಕಾಂತಣ್ಣ. ಇದು ಸರಿಯೋ ತಪ್ಪೋ ನೀವು ಬಂದ ಮೇಲೆ ಹೇಳಿ. ನಾನು ಸಂತೋಷಪಟ್ಟೆ, ಆಮೇಲೆ ಆ ಪ್ರಾಣಿಯನ್ನು ನೆನೆದು ನಾಚಿಕೆಯಾಯಿತು, ಆಮೇಲೆ ಪುಡಿಯ ಚೀಲ ಎಣಿಸಲು ಹೋದೆ.

ಜೀಪು ಬಂತು. ಫೋನು ಇನ್ನೂ ಇಟ್ಟಿಲ್ಲ ಅವರು, ಪಕ್ಕದಲ್ಲಿ ಮೇಜಿನ ಮೇಲೆ ಮಾತಾಡುತ್ತಲೇ ಇದೆ. ನನ್ನ ಹತ್ತಿರ ಅಲ್ಲ. ಜಟ್ಟಿಂಗಪ್ಪ ಅರಿಸಿನದ ತಟ್ಟೆ ಹಿಡಿದು ಹಿತ್ತಲಿಗೆ ಬಂದಿರಬೇಕು:

"ಏಯ್ ಜಟ್ಟಿಂಗಣ್ಣ, ಅಲ್ಲೇ ನಿಲ್ಲು. ಒಂದು ಹೆಜ್ಜೆ ಮುಂದಿಟ್ಯೋ, ಕೋಲು ತಗೀತೀನಿ. ಕೈ ಮುಗೀಬೇಕಾ? ಅಲ್ಲಿಂದ್ಲೇ ಮುಗಿ. ಮೇಡಂ ಬರ್ತಿದಾರೆ."